ಅವನು ಕಣ್ಣಿಟ್ಟ ಗಾಜು

"ಥೂ... ಬಂದೇ ಬಿಟ್ಟ!"

ಕತ್ತಲೆಯ ಬಯಲಿನಲ್ಲಿ ಅವನ ಮುಖವೇನೂ ಕಾಣುತ್ತಿರಲಿಲ್ಲ. ಆದರೂ ಆ ಹೆಜ್ಜೆಯ ಸದ್ದು ಕೇಳುತ್ತಲೇ, ಟೆಲಿಸ್ಕೋಪಿನ ಪಕ್ಕ ನಿಂತಿದ್ದ ಅವಳು ಹೇಸಿಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಅವಳೇನು ಸುಲಭಕ್ಕೆ ಹೇಸಿಕೊಳ್ಳುವವಳಲ್ಲ ಬಿಡಿ. ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆವರೆಗೆ ಜನರ ಕಫ, ಕೀವು, ಮೂತ್ರ ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ನೆಮ್ಮದಿಯಾಗಿ ಊಟ ಮಾಡುವ ಹೆಣ್ಣು! ಅಂಥವಳಿಗೂ ಒಂದೇ ಒಂದು ವಸ್ತು ಅಸಹ್ಯವಾಗಿತ್ತು... ಈ ವಾಚ್ ರಿಪೇರಿಯವನ ಬೆರಳುಗಳು.

ಎಂಟು ತಿಂಗಳ ಹಿಂದೆ ಅದೇ ಬೆರಳುಗಳ ಮೇಲೆ ಅವಳು ಜೀವ ಇಟ್ಟುಕೊಂಡಿದ್ದಳು. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಬೆರಳುಗಳು! 'ಇವನೊಮ್ಮೆ ಬಾಯಿಬಿಟ್ಟು ಕೇಳಲಿ, ಒಪ್ಪಿಕೊಂಡುಬಿಡ್ತೀನಿ' ಎಂದು ಕಾಯುತ್ತಿದ್ದಳು ಕೂಡ.

ಆಮೇಲೊಂದು ಸಂಜೆ ಮನೆಗೆ ಬಂದು ನೋಡಿದರೆ ಏನಿದೆ? ಅಪ್ಪ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ. ಅಪ್ಪನ ಟೆಲಿಸ್ಕೋಪಿನ ಬುಡದಲ್ಲಿರುವ ಕನ್ನಡಿಯ ತುಂಬ ಗೀರು. ಇವನ ಕೈಯಲ್ಲಿ ಒರೆಸುವ ಬಟ್ಟೆ!

ಕನ್ನಡಕದ ಅಂಗಡಿ ನಡೆಸುವ ಅಪ್ಪ ಒಂದೂವರೆ ವರ್ಷ ಕೈಯಲ್ಲೇ ಉಜ್ಜಿ ಉಜ್ಜಿ ಮಾಡಿದ ಕನ್ನಡಿ ಅದು. ಮುಖ ನೋಡಿಕೊಳ್ಳುವ ಕನ್ನಡಿಯ ಹಾಗಲ್ಲ, ಅದರ ಲೇಪ ಮೇಲುಗಡೆಯೇ ಇರುತ್ತದೆ. ಧೂಳು ಕೂತರೆ ಕೂರಲಿ, ಬಟ್ಟೆ ಮಾತ್ರ ಮುಟ್ಟಿಸಬಾರದು. ಅವರ ಆಕಾಶ ನೋಡುವ ಕೂಟದಲ್ಲಿ ಮೊದಲ ದಿನ ಹೇಳಿಕೊಡುವ ಪಾಠವೇ ಅದು.

"ನೀನಾ ಒರೆಸಿದ್ದು?" ಎಂದು ಕೇಳಿದ್ದಳು.

"ಹೂಂ... ನಾನೇ."

ಅಷ್ಟೇ! ಒಂದು ಕ್ಷಮೆ ಇಲ್ಲ, ಕಾರಣ ಇಲ್ಲ. ಅವತ್ತಿನಿಂದ ಬೈಗುಳ ಬಿಟ್ಟು ಬೇರೆ ಮಾತು ಬಂದ್. ಆದರೂ ಈ ನಾಚಿಕೆಗೆಟ್ಟವನು ಪ್ರತಿ ಅಮಾವಾಸ್ಯೆಗೆ ಕೂಟ ಸೇರಿದಾಗ ಬಂದು, ಅದೇ ಕನ್ನಡಿಯ ಪಕ್ಕದಲ್ಲೇ ಸುಳಿದಾಡುತ್ತಿದ್ದ.

ಇವತ್ತು ಅವಳು ತೀರ್ಮಾನ ಮಾಡಿಕೊಂಡೇ ಬಂದಿದ್ದಳು.

"ನೋಡಿ, ಕೂಟದ ಕಾರ್ಯದರ್ಶಿಯಾಗಿ ಹೇಳ್ತಿದ್ದೀನಿ. ಮುಂದಿನ ತಿಂಗಳಿಂದ ನೀವು ಬರಬೇಡಿ. ನಿಮ್ಮನ್ನ ಕಂಡ್ರೆ ನನಗೆ ವಾಕರಿಕೆ ಬರುತ್ತೆ."

"ಆಯ್ತು," ಅಂದ. "ಕೊನೇ ಸಲ ಗ್ಯಾಲಕ್ಸಿ ನೋಡ್ಕೊಂಡು ಹೋಗ್ಲಾ?"

"ನೋಡಿ, ತೊಲಗಿ."

ಅವನು ಬಗ್ಗಿ ಐಪೀಸಿನ ಗಾಜಿಗೆ ಕಣ್ಣಿಟ್ಟ. ತುಂಬಾ ಹೊತ್ತು ನೋಡಿದ. ಅವನು ಸರಿದದ್ದೇ ತಡ, ಅವಳು ಬ್ಯಾಗಿನಿಂದ ಸ್ಪಿರಿಟ್ ಹತ್ತಿ ತೆಗೆದು, ಅವನ ಕಣ್ಣು ತಾಗಿದ ರಬ್ಬರಿನ ಅಂಚನ್ನು ಗಸಗಸ ಒರೆಸಿದಳು. ಅವನ ಎದುರಿಗೇ! ಎಂಟು ತಿಂಗಳಿಂದ ಪ್ರತಿ ಸಲವೂ ಇದೇ ಶಾಸ್ತ್ರ.

ಒರೆಸಿದ ಮೇಲೆ ತಾನು ನೋಡಿದಳು. ಹಿಟ್ಟಿನ ಕೈ ತಾಗಿದ ಗುರುತಿನಷ್ಟು ಮಂದವಾಗಿ ಗ್ಯಾಲಕ್ಸಿ ಕಾಣುತ್ತಿತ್ತು. ತಲೆ ಎತ್ತಿದರೆ ಅವನಿನ್ನೂ ಕನ್ನಡಿಯ ಹತ್ತಿರವೇ ನಿಂತಿದ್ದಾನೆ.

'ಎಂಥ ಭಂಡ! ಎಮ್ಮೆ ಚರ್ಮದವನು!'

ಅಷ್ಟರಲ್ಲಿ ಅಪ್ಪ ಬಂದು ಐಪೀಸಿಗೆ ಕಣ್ಣಿಟ್ಟರು.

"ಏನೂ ಕಾಣ್ತಿಲ್ವಲ್ಲೇ... ಮತ್ತೆ ಮಂಜು ಕಟ್ಕೊಂಡಿದೆ ಈ ಕನ್ನಡಿ."

"ಇಲ್ಲಪ್ಪ, ಈಗ ತಾನೇ ನೋಡಿದೆ. ಚೆನ್ನಾಗೇ ಇದೆ."

ಅಪ್ಪ ಕೇಳಿಸಿಕೊಳ್ಳಲಿಲ್ಲ. ಮಂಡಿಯೂರಿ, ಜೇಬಿನಿಂದ ಕರವಸ್ತ್ರ ತೆಗೆದು, ಟೆಲಿಸ್ಕೋಪನ್ನು ಹಿಡಿದಿದ್ದ ಕಂಬಿಗಳ ಸಂದಿಯಲ್ಲಿ ಕನ್ನಡಿಯತ್ತ ಕೈ ತೂರಿಸಿದರು...

"ಯಜಮಾನ್ರೇ, ಬೇಡಿ!"

ವಾಚಿನವನು ಗಬಕ್ಕನೆ ಅವರ ಮಣಿಕಟ್ಟು ಹಿಡಿದು ಕರವಸ್ತ್ರ ಕಿತ್ತುಕೊಂಡ.

ಅವಳು ಕೆಂಪು ಟಾರ್ಚ್ ಹಚ್ಚಿದಳು. ಕಂಡದ್ದು ಅದೇ ದೃಶ್ಯ! ತಲೆ ತಗ್ಗಿಸಿದ ಅಪ್ಪ... ಇವನ ಕೈಯಲ್ಲಿ ಬಟ್ಟೆ...

"ಅಪ್ಪಾ... ಅವತ್ತು ಒರೆಸಿದ್ದು ಯಾರು?"

"ನಾನೇ ಕಣಮ್ಮ." ಅಪ್ಪ ಕಣ್ಣು ಉಜ್ಜಿಕೊಂಡರು. "ನನ್ನ ಕಣ್ಣಿಗೆ ಪೊರೆ ಬಂದಿದೆ. ಗೊತ್ತಿದ್ರೂ ಮನಸ್ಸು ಒಪ್ಪಲ್ಲ... ಕನ್ನಡಿದೇ ತಪ್ಪಿರಲಿ ಅಂತ ಕೈ ತಾನಾಗೇ ಹೋಗುತ್ತೆ. ಊರಿಗೆಲ್ಲ ಕನ್ನಡಕ ಹಾಕೋನಿಗೇ ಕಣ್ಣು ಕಾಣಲ್ಲ ಅಂದ್ರೆ ಅಂಗಡಿಗೆ ಯಾರು ಬರ್ತಾರೆ? ನಿನಗೆ ಹೇಳಬಾರದು ಅಂತ ಇವನ ಹತ್ರ ಆಣೆ ಹಾಕಿಸ್ಕೊಂಡಿದ್ದೆ. ಆಪರೇಷನ್ ಮಾಡಿಸ್ಕೊಳ್ಳಿ ಅಂತ ಪಾಪ, ಎಷ್ಟು ಸಲ ಬೇಡ್ಕೊಂಡ..."

ಛೀ! ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಂಡಕಂಡವರ ರೋಗ ಹುಡುಕುವವಳಿಗೆ ಹೆತ್ತಪ್ಪನ ಕಣ್ಣಿನ ಪೊರೆ ಕಾಣಲಿಲ್ಲವೇ? ಕೈಯಲ್ಲಿ ಬಟ್ಟೆ ಕಂಡದ್ದೇ ಸಾಕಾಯಿತೇ? ಅವಳಿಗೆ ತನ್ನ ಮೇಲೆಯೇ ಹೇಸಿಗೆ ಉಕ್ಕಿ ಬಂತು.

"ನಾಳೆ ಬೆಳಿಗ್ಗೆನೇ ಡಾಕ್ಟರ ಹತ್ರ ಹೋಗೋಣಪ್ಪ," ಎಂದು ಅಪ್ಪನನ್ನು ತಬ್ಬಿ ಸ್ಟೂಲಿನ ಮೇಲೆ ಕೂರಿಸಿದಳು. ತಿರುಗಿ ನೋಡಿದರೆ ಅವನು ಹೊರಟೇ ಬಿಟ್ಟಿದ್ದ.

ಎದ್ದೆನೋ ಬಿದ್ದೆನೋ ಎಂದು ಓಡಿದಳು.

"ನಿಂತ್ಕೋ!"

"ತೊಲಗಿ ಅಂದ್ರಲ್ಲ..."

"ನನ್ನ ಮುಖಕ್ಕೆ ಉಗಿದುಬಿಡು. ನನ್ನ ಕಂಡ್ರೆ ನನಗೇ ಅಸಹ್ಯ ಆಗ್ತಿದೆ."

"ಉಗಿಯೋಕೆ ಆಗಿದ್ರೆ ಯಾವತ್ತೋ ಉಗೀತಿದ್ದೆ." ಅವನ ದನಿಯಲ್ಲಿ ಸಿಟ್ಟಿತ್ತು. "ನೀನು ಸ್ಪಿರಿಟ್ ಹಾಕಿ ಉಜ್ಜಿದಾಗೆಲ್ಲ, ನಾನೇನು ಹುಳ ಬಿದ್ದವನಾ ಅನ್ನಿಸ್ತಿತ್ತು."

"ಮತ್ಯಾಕೆ ಬರ್ತಿದ್ದೆ?"

"ಕನ್ನಡಿ ಕಾಯೋಕೆ." ತಡೆದು ತಡೆದು ಹೇಳಿದ, "ಮತ್ತೆ... ನಿನ್ನ ದನಿ ಕೇಳೋಕೆ. ಬೈಗುಳ ಆದ್ರೂ ಪರವಾಗಿಲ್ಲ ಅಂತ. ನಿನ್ನ ತುಂಬಾ ಪ್ರೀತಿಸ್ತೀನಿ ಕಣೇ. ಅವತ್ತು ಮನೆಗೆ ಬಂದಿದ್ದೇ ಅದನ್ನ ಹೇಳೋಕೆ!"

ಅವಳಿಗೆ ಅಳು ತಡೆಯಲಾಗಲಿಲ್ಲ. ಆ ಬೆರಳುಗಳನ್ನೇ ಗಟ್ಟಿಯಾಗಿ ಹಿಡಿದು ಅವನನ್ನು ಟೆಲಿಸ್ಕೋಪಿನವರೆಗೆ ಎಳೆದುಕೊಂಡು ಬಂದಳು.

"ಮೊದಲು ನೀನು ನೋಡು."

ಅವನು ನೋಡಿದ. ಎದ್ದವನು ಕತ್ತಲಲ್ಲಿ ರಬ್ಬರಿನ ಅಂಚು ತಡವಿ, "ಅಯ್ಯೋ, ಒದ್ದೆ ಮಾಡಿಬಿಟ್ಟೆ... ಎಲ್ಲಿ ನಿನ್ನ ಹತ್ತಿ? ಒರೆಸಿಕೊಡ್ತೀನಿ," ಅಂದ.

"ಮುಟ್ಟಬೇಡ!"

ಅವಳು ಹಾಗೇ ಬಗ್ಗಿ, ಅವನ ಕಣ್ಣೀರು ಇನ್ನೂ ಆರದ ಗಾಜಿಗೆ ತನ್ನ ಕಣ್ಣು ಒತ್ತಿ ಹಿಡಿದಳು.

"ಲ್ಯಾಬಿನವಳು ನೀನು..." ಅವನು ಪಕ್ಕದಲ್ಲೇ ಬಗ್ಗಿದ. "ಹೇಸಿಗೆ ಆಗಲ್ವಾ?"

"ಸುಮ್ನಿರು," ಅಂದಳು ಅವಳು, ಕಣ್ಣು ತೆಗೆಯದೆ. "ಕೈ ಬಿಡಬೇಡ."