ಹೋಗಿ ಬರುವ ಮನೆ

"ಬ್ರಶ್ ಕೆಳಗಿಡ್ರೀ! ಇದು ನನ್ನ ಗೋಡೆ!"

ಅವನು ಬೆಚ್ಚಿಬಿದ್ದು ತಿರುಗಿದ. ಡಬ್ಬಿಯ ಕೆಂಪು ಬಣ್ಣ ಅವನ ಅಂಗಿಯ ಮೇಲೆಲ್ಲ ಚೆಲ್ಲಿತು.

ಎದುರಿಗೆ ನಿಂತಿದ್ದವಳು ಕಡಲಂಚಿನ ಬೀದಿಯ ದರ್ಜಿ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕತ್ತರಿ, ಮೂಗಿನ ತುದಿಯಲ್ಲಿ ಕೋಪ!

ಅವನು ಸರ್ವೇಯರ್. ಕಡಲು ಉಕ್ಕಿದರೆ ಯಾವ ಮನೆಗೆ ಎಷ್ಟು ನೀರು ನುಗ್ಗುತ್ತದೆ ಎಂದು ಅಳೆಯಲು ಬಂದಿದ್ದ. ಅವಳ ಗೋಡೆಯ ಮೇಲೆ, ಅವಳ ಭುಜದೆತ್ತರಕ್ಕೆ, ಉದ್ದ ಗೆರೆ ಎಳೆದಿದ್ದ.

"ಚಂಡಮಾರುತ ಬಂದ್ರೆ ನೀರು ಇಲ್ಲಿವರೆಗೂ ಏರುತ್ತೆ. ಅದಕ್ಕೇ ಈ ಗುರುತು."

"ಕೆಳಗೇನೋ ಬರೆದಿದ್ದೀರಲ್ಲ?"

"ತೆರವು."

ತೆರವು! ಮಾರುಕಟ್ಟೆಯ ಹಿಂದಿನ ಗುಡಿಸಲುಗಳ ಮೇಲೂ ಇದೇ ಪದ ಬರೆದಿದ್ದರು. ಸ್ವಲ್ಪ ದಿನಕ್ಕೆ ಅಲ್ಲಿ ಗುಡಿಸಲುಗಳೇ ಇರಲಿಲ್ಲ. ಈ ಅಂಗಡಿಮನೆ ಅಪ್ಪ ಅವಳಿಗೆ ಬಿಟ್ಟುಹೋದ ಒಂದೇ ಒಂದು ಆಸರೆ. ಇದೂ ಹೋದರೆ...?

'ಅರ್ಥವೇನು' ಎಂದು ಅವಳು ಒಂದು ಮಾತು ಕೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಕೇಳುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಆ ಕತ್ತರಿಯ ಮುಂದೆ ಬಾಯಿ ಬಿಡುವ ಧೈರ್ಯ ಅವನಿಗಿರಲಿಲ್ಲ.

ಅವನು ಬೀದಿ ತಿರುಗುವಷ್ಟರಲ್ಲಿ ಅವಳು ಸುಣ್ಣ ಬಳಿದು ಎಲ್ಲವನ್ನೂ ಅಳಿಸಿಬಿಟ್ಟಳು. ಮರುದಿನ ಅವನು ಮತ್ತೆ ಬರೆದ. ಅವಳು ಮತ್ತೆ ಅಳಿಸಿದಳು.

"ನಿಮಗೆ ಬೇರೆ ಕೆಲ್ಸ ಇಲ್ವಾ?"

"ಇದೇ ನನ್ನ ಕೆಲ್ಸ."

"ಹಾಗಾದ್ರೆ ಅಳಿಸೋದು ನನ್ನ ಕೆಲ್ಸ!"

ಅವಳನ್ನು ನೋಡಿ ಇಡೀ ಬೀದಿ ಸುಣ್ಣದ ಬಕೆಟ್ ಹಿಡಿಯಿತು. ಅವಳ ಜೊತೆಗಿದ್ದ ಸೋದರತ್ತೆ ಮಾತ್ರ ಕಿಟಕಿಯಿಂದ ಇಣುಕಿ, "ಹುಡುಗ ಗೆರೆ ಎಷ್ಟು ನೆಟ್ಟಗೆ ಎಳೀತಾನೆ ನೋಡೇ!" ಎಂದಳು.

"ಅತ್ತೆ! ನೀನು ಯಾರ ಕಡೆ?"

ಒಂದು ಮಧ್ಯಾಹ್ನ ಅವನು ಬೀದಿಯ ಕಟ್ಟಿಕೊಂಡ ಚರಂಡಿಯಲ್ಲಿ ಮೊಣಕಾಲುದ್ದ ಇಳಿದು ಬರಿಗೈಯಲ್ಲಿ ಕಸ ಎಳೆಯುತ್ತಿದ್ದ. ಇಲ್ಲಿ ನೀರು ಹರಿದುಹೋಗದಿದ್ದರೆ ಮೊದಲು ಮುಳುಗುವುದು ಅವಳ ಮನೆಯೇ ಎಂದು ಅವನ ಅಳತೆ ಹೇಳಿತ್ತು.

'ಮನೆ ಕೆಡವೋಕೆ ಬಂದವನು ಚರಂಡಿ ಯಾಕೆ ಬಿಡಿಸ್ತಿದ್ದಾನೆ?' ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವನ ಜೇಬು ಹರಿದು ಜೋಲಾಡುತ್ತಿತ್ತು. ದರ್ಜಿಯ ಕಣ್ಣು, ಸುಮ್ಮನಿರಲಾಗಲಿಲ್ಲ.

"ಕೈ ತೊಳ್ಕೊಂಡು ಇಲ್ಲಿ ಬನ್ನಿ."

ಅವನು ಉಸಿರು ಬಿಗಿಹಿಡಿದು ನಿಂತ. ಅವಳು ಅವನು ತೊಟ್ಟಿದ್ದ ಅಂಗಿಗೇ ಹೊಲಿಗೆ ಹಾಕತೊಡಗಿದಳು.

"ಅಲುಗಾಡಬೇಡಿ, ಚುಚ್ಚುತ್ತೆ."

"ಆಗ್ಲೇ ಚುಚ್ಚಿದೆ..."

ಅವಳು ತಲೆ ಎತ್ತಿದಳು. ಅವನು ಸೂಜಿಯ ಕಡೆ ನೋಡುತ್ತಲೇ ಇರಲಿಲ್ಲ! ಹಲ್ಲಿನಿಂದ ದಾರ ಕಡಿದು ಅವಳು ಸರ್ರನೆ ಒಳಗೆ ಹೋದಳು. ಛೀ, ಶತ್ರುವಿಗಾಗಿ ಎದೆ ಹೀಗೆಲ್ಲ ಹೊಡೆದುಕೊಳ್ಳಬಾರದು!

ಆಮೇಲೆ ಆ ದಿನ ಬಂತು. ಬೆಳಗಾಗುತ್ತಲೇ ಆಕಾಶ ಕಪ್ಪಿಟ್ಟಿತು. ಸಂಜೆಯೊಳಗೆ ಕಡಲು ಉಕ್ಕುತ್ತದೆ, ಎಲ್ಲರೂ ಗುಡ್ಡದ ಮೇಲಿನ ಶಾಲೆಗೆ ಹೊರಡಿ ಎಂದು ಧ್ವನಿವರ್ಧಕದ ಜೀಪು ಕೂಗುತ್ತಾ ಹೋಯಿತು.

ಒಬ್ಬರೂ ಕದಲಲಿಲ್ಲ! ಎಲ್ಲರೂ ತಂತಮ್ಮ ಹೊಸ್ತಿಲಲ್ಲಿ ಕೈಕಟ್ಟಿ ಕೂತಿದ್ದರು. ಎಲ್ಲರಿಗಿಂತ ಮುಂದೆ ಅವಳು.

ಸರ್ವೇಯರ್ ಮಳೆಯಲ್ಲಿ ತೊಯ್ದು ಓಡಿಬಂದ. "ಯಾಕೆ ಕೂತಿದ್ದೀರಿ? ನೀರು ಬರ್ತಿದೆ!"

"ನೀರಿಗೆ ನಾವು ಹೆದರಲ್ಲ. ನಾವು ಆ ಕಡೆ ಹೋದ್ರೆ ನೀವು ಈ ಕಡೆ ಮನೆ ಕೆಡವ್ತೀರಿ."

"ಕೆಡವೋದಾ? ಯಾರು ಹೇಳಿದ್ರು?"

"ನೀವೇ ಬರೆದಿದ್ರಲ್ಲ! ತೆರವು ಅಂತ!"

ಅವನು ಹಣೆ ಚಚ್ಚಿಕೊಂಡ.

"ಅಯ್ಯೋ... ತೆರವು ಅಂದ್ರೆ ಜನರನ್ನ ಕಣ್ರೀ! ನೀರು ಬರೋ ದಿನ ಮೊದಲು ಯಾವ ಮನೆಯವರನ್ನ ಸುರಕ್ಷಿತ ಜಾಗಕ್ಕೆ ಕರ್ಕೊಂಡು ಹೋಗ್ಬೇಕು ಅನ್ನೋ ಗುರುತು ಅದು. ನಮ್ಮ ಕಚೇರಿಯಲ್ಲಿ ಹಾಗೇ ಬರೆಯೋದು. ನಿಮಗೆ ಹೀಗೆ ಅರ್ಥ ಆಗುತ್ತೆ ಅಂತ ನನಗೆ ಹೊಳೀಲೇ ಇಲ್ಲ!"

ಆದರೂ ಅವಳು ಸೋಲಲಿಲ್ಲ. "ನಾಳೆ ನಿಮ್ಮ ಮೇಲಿನವರು ಬೇರೆ ಅರ್ಥ ಮಾಡಿದ್ರೆ?"

"ಈ ಬಾಗಿಲಿಗೆ ಮೊದಲು ಅಡ್ಡ ನಿಲ್ಲೋದು ನಾನು. ಕೆಲಸ ಹೋದ್ರೂ ಸರಿ." ಅವನು ಚೀಲದಿಂದ ಬಣ್ಣದ ಡಬ್ಬಿ ತೆಗೆದು ಬ್ರಶ್ ಚಾಚಿದ. "ನನ್ನ ಪದ ಬೇಡ. ನಿಮ್ಮದೇ ಬರೀರಿ."

ಅವಳು ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವವನ ಕಣ್ಣು ಹೀಗೆ ತುಂಬಿಕೊಳ್ಳುವುದಿಲ್ಲ ಎಂದು ಅವಳ ಮನಸ್ಸು ಹೇಳಿತು. ಅವಳು ಬ್ರಶ್ ಕಿತ್ತುಕೊಂಡು, ಜಡಿಮಳೆ ತಲುಪದ ಸೂರಿನಡಿ, ಬಾಗಿಲಿನ ಮೇಲ್ಭಾಗದಲ್ಲಿ ದೊಡ್ಡಕ್ಷರದಲ್ಲಿ ಬರೆದಳು.

ಹೋಗಿ ಬರ್ತೀವಿ!

"ಎಲ್ಲರೂ ಏಳಿ!" ಬೀದಿಗೆಲ್ಲ ಕೇಳುವಂತೆ ಕೂಗಿದಳು. "ನಾವು ಬಿಟ್ಟು ಹೋಗ್ತಿಲ್ಲ, ಹೋಗಿ ಬರ್ತಿದ್ದೀವಿ! ಬಾಗಿಲಿಗೆ ಬರೆದು ಹೊರಡಿ!"

ಬ್ರಶ್ ಮನೆಯಿಂದ ಮನೆಗೆ ಓಡಿತು. ಅವರಿಬ್ಬರೂ ಸೇರಿ ಹೊಲಿಗೆ ಮಷಿನ್ನನ್ನು ಅಟ್ಟಕ್ಕೇರಿಸಿದರು, ಅವನ ಗೆರೆಗಿಂತ ಮೇಲಕ್ಕೆ. ಬಟ್ಟೆಯ ಗಂಟುಗಳೂ ಮೇಲೇರಿದವು.

"ನನ್ನನ್ನ ಯಾರೂ ಎತ್ತಬೇಡಿ, ನನಗೆ ಕಾಲಿದೆ," ಎಂದು ಅತ್ತೆ ಕೊಡೆ ಬಿಚ್ಚಿ ಎಲ್ಲರಿಗಿಂತ ಮುಂದೆ ನಡೆದಳು.

ಕಡಲು ಬಂತು. ಬೀದಿಯನ್ನೆಲ್ಲ ನುಂಗಿ, ಅವನು ಎಳೆದಿದ್ದ ಗೆರೆಯವರೆಗೂ ಏರಿ, ಹಿಂದೆ ಸರಿಯಿತು. ಕೆಸರು ತುಂಬಿದ ಮನೆಗಳಿಗೆ ಎಲ್ಲರೂ ಜೀವಸಹಿತ ಮರಳಿದರು. ಕೆಡವಲು ಯಾರೂ ಬರಲಿಲ್ಲ. ಬಾಗಿಲ ಮೇಲಿನ ಅಕ್ಷರಗಳು ಹಾಗೇ ಇದ್ದವು.

ಅವಳು ಕೆಸರು ಗುಡಿಸುತ್ತಿದ್ದಾಗ ಅವನು ಚೀಲ ಹೆಗಲಿಗೇರಿಸಿ ಬಂದ.

"ಇಲ್ಲಿನ ಅಳತೆ ಮುಗೀತು. ಮುಂದಿನ ಊರಿಗೆ ಕಳಿಸ್ತಿದ್ದಾರೆ. ನಾನಿನ್ನು... ಹೋಗ್ತೀನಿ."

ಅವಳು ಪೊರಕೆ ಬಿಸಾಡಿದಳು. "ಏನಂದ್ರಿ?"

"ಹೋಗ್ತೀನಿ ಅಂ..."

"ಈ ಬಾಗಿಲಲ್ಲಿ ನಿಂತು ಹಾಗೆ ಹೇಳೋ ಹಾಗಿಲ್ಲ! ಮೇಲೇನು ಬರೆದಿದೆ, ಓದೋಕೆ ಬರಲ್ವಾ?"

ಅವನು ತಲೆ ಎತ್ತಿ ಓದಿದ. ಮುಖ ನಿಧಾನವಾಗಿ ಅರಳಿತು.

"ಬರೋಕೆ ಒಂದು ಕಾರಣ ಬೇಕಲ್ಲ?"

ಅವಳು ಕೊರಳಿನ ಟೇಪು ತೆಗೆದು ಅವನ ಭುಜದ ಮೇಲೆ ಹಿಡಿದಳು. "ಬಣ್ಣ ಚೆಲ್ಲಿದ ಆ ಅಂಗಿ ಹಾಕಿದ್ದು ಸಾಕು. ಹೊಸದು ಹೊಲಿದಿಡ್ತೀನಿ. ಹಾಕ್ಕೊಂಡು ನೋಡೋಕೆ ನೀವೇ ಬರಬೇಕು."

"ಅಂಗಿಗೆ ಮಾತ್ರಾನಾ?"

"ನನಗೆ ನೀವು ಬೇಕು ಅಂತ ಬಾಯಿಬಿಟ್ಟು ಹೇಳಿಸ್ತೀರಾ? ಹ್ಞೂಂ, ಬೇಕು! ಸಾಕಾ?"

ಒಳಗಿಂದ ಅತ್ತೆಯ ದನಿ ಬಂತು: "ಅಂತೂ ಹೇಳಿದ್ಳಪ್ಪಾ!"

ಅವನು ನಕ್ಕ. ಟೇಪು ಹಿಡಿದ ಅವಳ ಕೈಯನ್ನು ಎದೆಗೊತ್ತಿಕೊಂಡ, ಅವಳೇ ಹೊಲಿದ ಜೇಬಿನ ಮೇಲೆ.

"ಹೋಗಿ ಬರ್ತೀನಿ."

"ಬನ್ನಿ," ಎಂದಳು ಅವಳು. "ಇನ್ಮೇಲೆ ನೀವೆಳೆದ ಗೆರೆ ಅಳಿಸಲ್ಲ."