ಅವನ ಮುಖದಲ್ಲಿ ಓದಿದ ರುಚಿ

"ಏನ್ರೀ, ನನ್ನ ಮುಖಕ್ಕೆ ಏನಾದ್ರೂ ಮೆತ್ಕೊಂಡಿದ್ಯಾ?"

ಎಲ್ರಿಕೊ ವೈನ್ ಗ್ಲಾಸು ಕೆಳಗಿಟ್ಟು ಕೇಳಿದ.

ಡೆಲ್ಮರಿ ಕಣ್ಣು ಕದಲಿಸಲಿಲ್ಲ. ಅವನ ಎಡ ಹುಬ್ಬು ಏರಿ ಇಳಿದದ್ದು, ಕೆನ್ನೆ ಒಳಕ್ಕೆ ಸೆಳೆದುಕೊಂಡದ್ದು, ಕೊನೆಗೆ ತುಟಿಯಂಚಿನಲ್ಲಿ ಸಣ್ಣ ನಗು ಬಂದದ್ದು... ಒಂದನ್ನೂ ಬಿಡದೆ ನೋಡಿದ್ದಳು.

"ಹುಳಿ ಸ್ವಲ್ಪ ಮುಂದಿದೆ," ಎಂದಳು. "ಆದ್ರೆ ಕೊನೇಲಿ ಸಿಹಿ ಬಂದು ಸರಿ ಮಾಡತ್ತೆ. ಅಲ್ವಾ?"

"ಅಬ್ಬಾ! ನನ್ನ ಬಾಯೊಳಗೆ ಕೂತ್ಕೊಂಡು ನೋಡಿದ ಹಾಗೆ ಹೇಳ್ತೀರಲ್ಲ!"

ಅಡುಗೆಮನೆ ಬಾಗಿಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಸನ್ನಾ ಆಂಟಿ ಸುಮ್ಮನಿರುವ ಹೆಂಗಸಲ್ಲ. "ಬಂದು ಒಂದು ಗಂಟೆ ಆಗಿಲ್ಲ, ಆಗ್ಲೇ ನಮ್ಮ ಹುಡುಗೀನ ಮರುಳು ಮಾಡ್ಬಿಟ್ಯೇನೋ! ಅವಳು ಹಾಗೆ ಯಾರನ್ನೂ ನೋಡಿದವಳಲ್ಲ."

ಎಲ್ರಿಕೊನ ಕಿವಿ ಕೆಂಪಾಯಿತು. ಮೂವತ್ತನಾಲ್ಕು ವರ್ಷದ ಗಂಡಸು, ಹದಿನಾರರವನ ಹಾಗೆ ತಲೆ ತಗ್ಗಿಸಿದ!

ಆ ಫೆಬ್ರವರಿಯಲ್ಲಿ ದ್ರಾಕ್ಷಿ ಕೊಯ್ಲು ಅರ್ಧ ಮುಗಿದಿತ್ತು. ಬರ್ಗ್ ನದಿಯ ದಂಡೆಯ ನಮ್ಮ ಸಹಕಾರಿ ವೈನ್ ಘಟಕಕ್ಕೆ ಅವನು ಹೊಸ ಅಡುಗೆಯವನು. ಅವನ ಊರು ವೆಲ್ಡ್‌ಡ್ರಿಫ್, ಇದೇ ನದಿ ಸಮುದ್ರ ಸೇರುವ ಜಾಗ. ಮೀನುಗಾರರ ಮನೆಯವನು.

ನಮ್ಮದು ದೊಡ್ಡವರ ಮೇಜಿನ ವೈನಲ್ಲ. ಮೇಷ್ಟ್ರು, ನರ್ಸು, ಲಾರಿ ಡ್ರೈವರು ಶನಿವಾರ ಬಂದು ಕೊಂಡುಹೋಗುವಂಥದ್ದು. ಬಾಟಲಿಯ ಬೆಲೆ ತೊಂಬತ್ತು ರ್ಯಾಂಡ್ ದಾಟಿತೋ, ಯಾರೂ ಮುಟ್ಟುವುದಿಲ್ಲ. ಯಾವ ಬಾಟಲಿ ಯಾವ ಊಟಕ್ಕೆ ಹೊಂದುತ್ತದೆ ಎಂದು ಹೇಳಿ, ರುಚಿ ತೋರಿಸುವುದು ಡೆಲ್ಮರಿಯ ಕೆಲಸ. ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಕಣಿವೆಯಲ್ಲೇ ಇರಲಿಲ್ಲ.

ಆದರೆ ಕಳೆದ ಎಂಟು ತಿಂಗಳಿಂದ ಅವಳಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ!

ನಮ್ಮ ಕಡೆ ಜೂನ್ ಅಂದರೆ ಚಳಿಗಾಲ. ಹೋದ ಜೂನಿನಲ್ಲಿ ಅಮ್ಮನಿಗೂ ಅವಳಿಗೂ ಒಟ್ಟಿಗೇ ಜ್ವರ ಹಿಡಿಯಿತು. ಹನ್ನೆರಡನೇ ದಿನ ಅಮ್ಮ ಹೋದಳು, ಡೆಲ್ಮರಿ ಎದ್ದು ಕೂತಳು. ಚರ್ಚಿನಲ್ಲಿ ಹೆಂಗಸರೆಲ್ಲ ಅತ್ತರು. ಇವಳ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಮನೆಗೆ ಬಂದು ಕಾಫಿ ಕುಡಿದರೆ ಬರೀ ಬಿಸಿನೀರು. ಮೂಗು, ನಾಲಿಗೆ, ಎದೆ ಮೂರೂ ಒಂದೇ ವಾರದಲ್ಲಿ ಮರಗಟ್ಟಿದ್ದವು.

ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಮಾತಾಡಲು ಯಾರೂ ಉಳಿದಿರಲಿಲ್ಲ, ಇದ್ದದ್ದು ರುಚಿ ತೋರಿಸುವ ಈ ಮೇಜೊಂದೇ. ಹಾಗಾಗಿ ಅವಳು ಮುಖ ಓದುವುದನ್ನು ಕಲಿತಳು. ಮೊದಲು ಬೇರೆಯವರಿಗೆ ಬಗ್ಗಿಸಿ ಕೊಡುವುದು, ಅವರ ಹುಬ್ಬು ಕೆನ್ನೆ ತುಟಿ ನೋಡುವುದು, ಕಂಡದ್ದನ್ನು ತನ್ನ ಹಳೆಯ ನೆನಪಿನ ಜೊತೆ ಸೇರಿಸಿ ಹೇಳುವುದು. ಯಾರಿಗೂ ಗೊತ್ತಾಗಲಿಲ್ಲ.

ಎಲ್ರಿಕೊನ ಮುಖವಂತೂ ತೆರೆದಿಟ್ಟ ಪುಸ್ತಕ. ಒಂದೇ ಗುಟುಕಿಗೆ ಅವನ ಮುಖದಲ್ಲಿ ಎಲ್ಲವೂ ಬಂದುಬಿಡುತ್ತಿತ್ತು.

'ಇವನು ಸಿಕ್ಕಿದ್ದು ಒಳ್ಳೇದಾಯ್ತು,' ಅಂದುಕೊಂಡಳು ಅವಳು. ಅಷ್ಟೇ! ಅದರಾಚೆ ಅವಳ ಮನಸ್ಸು ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಅವನ ಮನಸ್ಸು ಮಾತ್ರ ಓಡತೊಡಗಿತ್ತು...

ಪ್ರತಿ ಗುರುವಾರ ಇಬ್ಬರೂ ಸೇರಿ ಶನಿವಾರಕ್ಕೆ ಊಟ-ವೈನಿನ ಜೋಡಿಗಳನ್ನು ಹುಡುಕುತ್ತಿದ್ದರು. ಅವನು ಸ್ನೂಕ್ ಮೀನಿಗೆ ಏಪ್ರಿಕಾಟ್ ಜಾಮ್ ಸವರಿ ಕೆಂಡದ ಮೇಲೆ ಸುಡುವನು. ಅವಳು ಹಿಂದಿನ ವರ್ಷದ ಎಳೆಯ ಸ್ಟೀನ್ ಬಿಳಿ ವೈನು ಬಗ್ಗಿಸುವಳು. ಅವನು ಚಿಪ್ಸ್ ತುಂಬಿದ ಉದ್ದ ಬ್ರೆಡ್ಡು ತಂದರೆ, ಅವಳು ತೆಳು ಕೆಂಪು ವೈನನ್ನು ಐಸಿನಲ್ಲಿಟ್ಟು ಕೊಡುವಳು.

"ಕೆಂಪನ್ನ ಐಸಲ್ಲಿ ಇಡೋದಾ? ದೊಡ್ಡ ದೊಡ್ಡ ಘಟಕದವ್ರು ಕೇಳಿದ್ರೆ ಎದೆ ಒಡ್ಕೋತಾರೆ!"

"ಅವ್ರು ಒಡ್ಕೊಳ್ಲಿ. ನೀನು ಕುಡಿ."

ಅವನು ಕುಡಿಯುವನು. ಅವಳು ನೋಡುವಳು.

ಮೂರನೇ ಗುರುವಾರಕ್ಕೆ ಅವನು ಗಡ್ಡ ನುಣ್ಣಗೆ ಬೋಳಿಸಿಕೊಂಡು ಬಂದ. ಐದನೆಯದಕ್ಕೆ ಹೊಸ ಅಂಗಿ. ಸನ್ನಾ ಆಂಟಿ ಬಿದ್ದೂ ಬಿದ್ದೂ ನಕ್ಕಳು. "ಮೀನು ಸುಡೋಕೆ ಇಸ್ತ್ರಿ ಅಂಗಿ! ಏನ್ ಕಾಲ ಬಂತಪ್ಪಾ!"

ಕೆಲಸ ಮುಗಿದ ಮೇಲೆ ಇಬ್ಬರೂ ಖಾಲಿ ಕ್ರೇಟು ಬೋರಲು ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದರು. ಮಾರ್ಚ್ ಕೊನೆಯ ಗುರುವಾರ ಅವನು ತಟ್ಟೆ ಬದಿಗಿಟ್ಟ.

"ಡೆಲ್ಮರಿ... ನನ್ನನ್ನ ಯಾರೂ ಇಷ್ಟು ಗಮನ ಕೊಟ್ಟು ನೋಡಿಲ್ಲ. ಹೆತ್ತ ತಾಯೀನೂ ನೋಡಿಲ್ಲ. ನೀನು ನೋಡೋವಾಗ ಈ ಪ್ರಪಂಚದಲ್ಲಿ ನಾನೊಬ್ನೇ ಇದೀನಿ ಅನ್ಸತ್ತೆ. ನಿನ್ನ ಮೇಲೆ ಜೀವಾನೇ ಇಟ್ಕೊಂಡಿದೀನಿ ಕಣೇ."

ಅವಳು ತನ್ನೊಳಗೆ ಹುಡುಕಿದಳು. ಸಂತೋಷ? ಇಲ್ಲ. ನಾಚಿಕೆ? ಇಲ್ಲ. ಮೋಸ ಮಾಡುತ್ತಿದ್ದೇನೆ ಎಂಬ ಸಂಕಟವಾದರೂ? ಅದೂ ಇಲ್ಲ...

ಬೇಡ ಅಂದರೆ ಇವನ ಮುಖ ಕೈತಪ್ಪುತ್ತದೆ. ಹೂಂ ಅಂದರೆ ಸುಳ್ಳಾಗುತ್ತದೆ.

"ಸ್ವಲ್ಪ ಟೈಮ್ ಕೊಡು," ಎಂದಳು.

"ಒಂದು ವರ್ಷ ತಗೋ! ನಾನೆಲ್ಲಿ ಓಡಿಹೋಗ್ತೀನಿ?" ಅವನು ನಕ್ಕ. ಕಥೆ ಹೇಳುವ ನನಗಂತೂ ಅವನನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ.

ಈಸ್ಟರ್ ಬಂತು.

ಶುಭ ಶುಕ್ರವಾರ ನಮ್ಮಲ್ಲಿ ಮನೆಮನೆಯಲ್ಲೂ ಮಸಾಲೆ ಹಾಕಿ, ವಿನೆಗರಿನಲ್ಲಿ ನೆನೆಸಿದ ಮೀನು. ಅದರ ಹಿಂದಿನ ದಿನ, ಗುರುವಾರ, ಘಟಕದಲ್ಲಿ ದೊಡ್ಡ ಕಾರ್ಯಕ್ರಮ. ಆ ಹುಳಿ ಮೀನಿಗೆ ಹೊಂದುವ ಅಗ್ಗದ ವೈನು ಯಾವುದೆಂದು ಜನರ ಮುಂದೆಯೇ ಆರಿಸಬೇಕು. ಬಾಟಲಿ ಕಂಡರೆ ಜನ ಲೇಬಲ್ಲಿಗೆ ಮರುಳಾಗುತ್ತಾರೆಂದು ವೈನನ್ನೆಲ್ಲ ಒಂದೇ ಥರದ ಬಿಳಿ ಜಗ್ಗುಗಳಿಗೆ ಸುರಿದು, ಬಟ್ಟೆ ಮುಚ್ಚಿ ಇಡುವುದು ನಮ್ಮ ಪದ್ಧತಿ.

ಆ ದಿನ ಸನ್ನಾ ಆಂಟಿ ಮೀನಿಗೆ ಮೇಲಿಂದ ಹಾಕಲು ವಿನೆಗರನ್ನೂ ಅಂಥದೇ ಜಗ್ಗಿನಲ್ಲಿ ಬಟ್ಟೆ ಮುಚ್ಚಿ ತಂದು, ಮೇಜಿನ ತುದಿಯಲ್ಲಿ ಇಟ್ಟು ಹೋದಳು. ನೋಡಲು ಎರಡೂ ಒಂದೇ ಒಣಹುಲ್ಲಿನ ಬಣ್ಣ.

ನಲವತ್ತು ಜನ ಮೇಜಿನ ಸುತ್ತ ನಿಂತಿದ್ದರು. ಮ್ಯಾನೇಜರ್ ಲೊಂಬಾರ್ಡ್ ಕೋಟು ಹಾಕಿಕೊಂಡು ಮುಂದೆ ಬಂದರು. "ಶುರು ಮಾಡಮ್ಮ ಡೆಲ್ಮರಿ."

ಡೆಲ್ಮರಿ ತುದಿಯ ಜಗ್ಗನ್ನು ಎತ್ತಿದಳು. ರೂಢಿಯಂತೆ ಬಟ್ಟೆ ಸರಿಸಿ ಮೂಗಿನ ಹತ್ತಿರ ಹಿಡಿದಳು, ತಲೆಯಾಡಿಸಿದಳು. ಮೇಜಿನ ಮೇಲೆಲ್ಲ ಮೀನಿನ ಹುಳಿ ಘಾಟು ಹಬ್ಬಿದ್ದರಿಂದ ಉಳಿದವರಿಗೂ ತಿಳಿಯಲಿಲ್ಲ. ಮೊದಲ ಗ್ಲಾಸು ಎಂದಿನಂತೆ ಎಲ್ರಿಕೊಗೆ.

ಅವನು ಒಂದು ಗುಟುಕು ಹೀರಿದ.

ಗಂಟಲು ಉರಿದುಹೋಯಿತು! ಉಗುಳಬೇಕೆಂದು ತಲೆ ಎತ್ತಿದರೆ, ಎದುರಿಗೆ ಅವಳ ಕಣ್ಣು. ಅದೇ ನೋಟ. ಕಾಯುತ್ತಿದೆ.

'ಮೂಗಿನ ಕೆಳಗೇ ಹಿಡಿದಿದ್ಲಲ್ಲ... ಗೊತ್ತಾಗ್ಲಿಲ್ವಾ? ವಿನೆಗರಿನ ಘಾಟು ಗೊತ್ತಾಗ್ಲಿಲ್ವಾ?'

ಆಮೇಲೆ ಎರಡು ತಿಂಗಳ ಗುರುವಾರಗಳೆಲ್ಲ ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಅವಳು ಎಂದೂ ತಾನು ಮೊದಲು ಕುಡಿದದ್ದಿಲ್ಲ. ರುಚಿ ಹೇಳಿ ಮುಗಿದ ಮೇಲೆ ಅವನ ಮುಖ ನೋಡಿದ್ದೂ ಇಲ್ಲ...

ಅವನು ವಿನೆಗರನ್ನು ನುಂಗಿದ. ಮುಖ ಕಲ್ಲಾಯಿತು.

ಆ ಕಲ್ಲುಮುಖವನ್ನು ಅವಳು ತಪ್ಪಾಗಿ ಓದಿದಳು. 'ಸಪ್ಪೆ ವೈನು ಇರಬೇಕು.'

"ಇದು ಹಗುರವಾದ ಸ್ಟೀನ್," ಎಂದು ಶುರು ಮಾಡಿದಳು. "ಸೀಬೆಹಣ್ಣಿನ ಪರಿಮಳ, ಹುಳಿ ಕಮ್ಮಿ..." ಹಾಗೆನ್ನುತ್ತಲೇ ಎದುರಿನ ಮುದುಕಿಯ ಗ್ಲಾಸಿನತ್ತ ಜಗ್ಗು ಬಗ್ಗಿಸಿದಳು.

ಎಲ್ರಿಕೊ ಚಂಗನೆ ಮುಂದೆ ಬಂದು ಜಗ್ಗು ಕಿತ್ತುಕೊಂಡ.

"ತಡೀರಿ! ನಂದೇ ತಪ್ಪು. ಮೀನಿಗೆ ಹಾಕೋ ವಿನೆಗರನ್ನ ವೈನಿನ ಸಾಲಲ್ಲಿ ಇಟ್ಟುಬಿಟ್ಟೆ. ಅವಳು ಪಾಪ ನನ್ನನ್ನ ನಂಬಿ, ಈ ಮೀನಿನ ಘಾಟಲ್ಲಿ ಗೊತ್ತಾಗ್ದೆ ಹೇಳಿದ್ಲು."

ಜನ ಗೊಳ್ಳೆಂದು ನಕ್ಕರು. ಲೊಂಬಾರ್ಡ್ ನಗಲಿಲ್ಲ. "ಕಾರ್ಯಕ್ರಮ ಮುಗೀಲಿ. ಆಮೇಲೆ ನಿನ್ನ ಚಾಕು ಗೀಕು ಎತ್ಕೊಂಡು ನಡಿ," ಎಂದರು ಹಲ್ಲು ಕಚ್ಚಿ.

ಮಧ್ಯಾಹ್ನ ಅಡುಗೆಮನೆಯಲ್ಲಿ ಅವನು ಚಾಕುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಅವಳು ಬಾಗಿಲಲ್ಲಿ ನಿಂತಳು.

"ಎಷ್ಟು ದಿನದಿಂದ?" ಅವನು ತಿರುಗದೆಯೇ ಕೇಳಿದ.

"ಹತ್ತು ತಿಂಗಳು. ಅಮ್ಮ ಹೋದಾಗಿಂದ."

"ಹಾಗಾದ್ರೆ... ನೀನು ನನ್ನ ನೋಡ್ತಿದ್ದದ್ದು?"

ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಲಿಕ್ಕೂ ಏನಾದರೊಂದು ಆಸೆ ಬೇಕಲ್ಲ!

"ವೈನ್ ನೋಡ್ತಿದ್ದೆ," ಎಂದಳು.

ಅವನ ಕೈ ನಿಂತುಹೋಯಿತು. "ಒಂದ್ಸಲಾನೂ ನನ್ನ ನೋಡ್ಲಿಲ್ವಾ?"

"ಗೊತ್ತಿಲ್ಲ, ಎಲ್ರಿಕೊ. ನಂಗೆ ಯಾವುದೂ ಗೊತ್ತಾಗಲ್ಲ."

"ನಾನು ಹೊಸ ಅಂಗಿ ಹಾಕ್ಕೊಂಡು ಬಂದೆ ಕಣೇ..." ಅವನ ದನಿ ಒಡೆಯಿತು. ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಅವಳನ್ನು ದಾಟಿ ಹೊರಟುಹೋದ.

ಅವಳು ಅಳಲಿಲ್ಲ. ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಮುಂದಿನ ಗುರುವಾರ ಸನ್ನಾ ಆಂಟಿಯ ಸೋದರಳಿಯ ಬದಲಿ ಅಡುಗೆಗೆ ಬಂದ. ಅವನ ಮುಖವೂ ಚೆನ್ನಾಗಿಯೇ ಓದಲು ಬರುತ್ತಿತ್ತು. ಹುಳಿ ತಿಳಿಯಿತು, ಸಿಹಿ ತಿಳಿಯಿತು. ಕೆಲಸಕ್ಕೆ ಒಂದು ಚೂರೂ ತೊಂದರೆಯಾಗಲಿಲ್ಲ.

ಆದರೆ ಮಧ್ಯಾಹ್ನ ಸನ್ನಾ ಆಂಟಿ ತಟ್ಟೆ ಎತ್ತಿಕೊಂಡು ಬೈದಳು. "ವಾರದಿಂದ ಹಾಕಿದ್ದು ಹಾಕಿದ ಹಾಗೇ ಇದೆ. ಕನ್ನಡೀಲಿ ಮುಖ ನೋಡ್ಕೊಂಡಿದ್ಯಾ? ಕೆನ್ನೆ ಎಲ್ಲಾ ಇಳಿದ್ಹೋಗಿದೆ!"

ಡೆಲ್ಮರಿ ತಟ್ಟೆಯನ್ನೇ ಬಹಳ ಹೊತ್ತು ನೋಡಿದಳು. ಏನೋ ಒಂದು ಲೆಕ್ಕ ತಪ್ಪಿದೆ ಅನ್ನಿಸಿತು. ಎದ್ದು ನೇರ ಲೊಂಬಾರ್ಡರ ಕೋಣೆಗೆ ನಡೆದಳು.

"ಸರ್, ಆ ವಿನೆಗರ್ ಜಗ್ಗು ಎಲ್ರಿಕೊ ಇಟ್ಟಿದ್ದಲ್ಲ. ಘಾಟು ಗೊತ್ತಾಗ್ದೆ ನಾನೇ ತಗೊಂಡಿದ್ದು. ನಂಗೆ ವಾಸನೆ ಬರಲ್ಲ. ರುಚೀನೂ ಇಲ್ಲ. ಹತ್ತು ತಿಂಗಳಾಯ್ತು."

ಲೊಂಬಾರ್ಡ್ ಕನ್ನಡಕ ತೆಗೆದರು. "ಹತ್ತು ತಿಂಗಳು ನಮಗೆಲ್ಲ ಮಂಕುಬೂದಿ ಎರಚಿದ್ಯಾ?"

"ಹೌದು ಸರ್."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ರುಚಿ ಮೇಜಿಗೆ ಇನ್ನು ಬರಬೇಡ. ಸೋಮವಾರದಿಂದ ಲೇಬಲ್ ಅಂಟಿಸೋ ಕಡೆ ಹೋಗು... ಆ ಹುಡುಗನಿಗೆ ನಾನೇ ಫೋನ್ ಮಾಡ್ತೀನಿ, ವಾಪಸ್ ಬಾ ಅಂತ."

"ಬೇಡ ಸರ್. ನಾನೇ ಹೋಗ್ತೀನಿ."

ಹನ್ನೊಂದು ವರ್ಷದ ಮೇಜು ಒಂದೇ ಮಾತಿಗೆ ಹೋಯಿತು. ಅವಳಿಗೆ ಅದೂ ದೂರದಲ್ಲಿ ಯಾರಿಗೋ ಆದ ಹಾಗಿತ್ತು.

ಶನಿವಾರ ಬೆಳಗಿನ ಟ್ಯಾಕ್ಸಿ ವ್ಯಾನಿನಲ್ಲಿ ಹದಿನೈದು ಜನರ ನಡುವೆ ಇಕ್ಕಟ್ಟಾಗಿ ಕೂತು ವೆಲ್ಡ್‌ಡ್ರಿಫ್ ತಲುಪಿದಳು. ನದಿದಂಡೆಯ ಶೆಡ್ಡುಗಳಲ್ಲಿ ಉಪ್ಪು ಹಾಕಿದ ಸಣ್ಣ ಮೀನುಗಳ ಗೊಂಚಲುಗಳು ಒಣಗುತ್ತಿದ್ದವು. ಎಲ್ರಿಕೊ ಮನೆಯ ಹಿತ್ತಿಲಲ್ಲಿ ಒಲೆಯ ಮುಂದೆ ಕೂತು, ಹಸಿ ಮೀನಿಗೆ ಹಿಟ್ಟು ಹೊರಳಿಸಿ ಕರಿಯುತ್ತಿದ್ದ.

ಅವಳನ್ನು ಕಂಡು ಎದ್ದು ನಿಂತ. ಮತ್ತೆ ಕೂತ.

"ಅಡುಗೆಯವ್ನು ಸಿಕ್ಲಿಲ್ವಾ? ಓದೋಕೆ ಮುಖ ಸಿಕ್ಲಿಲ್ವಾ?"

"ಎರಡೂ ಸಿಕ್ತು. ಲೊಂಬಾರ್ಡ್‌ಗೆ ನಿಜ ಹೇಳ್ದೆ. ರುಚಿ ಮೇಜು ಹೋಯ್ತು, ಲೇಬಲ್ ಅಂಟ್ಸೋ ಕೆಲ್ಸ. ನೀನು ವಾಪಸ್ ಬರಬಹುದು."

ಅವನು ಬೆಚ್ಚಿ ನೋಡಿದ. "ಹುಚ್ಚಿ! ನಿನ್ನ ಕೆಲ್ಸ ಉಳೀಲಿ ಅಂತ ತಾನೇ ನಾನು ತಪ್ಪು ನನ್ನ ಮೇಲೆ ಹಾಕ್ಕೊಂಡಿದ್ದು! ಯಾಕೆ ಹೇಳ್ದೆ?"

ಅವಳು ಒಲೆಯ ಹತ್ತಿರ ಬಂದಳು. ಅವನನ್ನೇ ನೋಡುತ್ತ ನಿಂತಳು.

"ನನ್ನ ಕೈಲಿ ಗ್ಲಾಸಿಲ್ಲ, ಡೆಲ್ಮರಿ. ಇನ್ನೇನು ನೋಡ್ತಿದೀಯ?"

"ಒಂದ್ ವಿಷ್ಯ ಹೇಳ್ಬೇಕು. ನಗಬೇಡ."

"ನಗೋ ಸ್ಥಿತೀಲಿ ನಾನಿಲ್ಲ."

ಅವಳು ಮಾತುಗಳನ್ನು ಒಂದೊಂದಾಗಿ ಹೆಕ್ಕಿಕೊಂಡಳು.

"ನೀನು ಮಾಡಿದ್ ಊಟ ನಂಗೆ ಮಣ್ಣು ತಿಂದ ಹಾಗಿರ್ತಿತ್ತು. ಈಗ ಬಂದವ್ನು ಮಾಡಿದ್ದೂ ಹಾಗೇ ಇದೆ. ನನ್ನ ಬಾಯಿಗೆ ಎರಡೂ ಒಂದೇ... ಒಂದೇ ತಾನೇ ಆಗ್ಬೇಕು?"

"ಹೂಂ..."

"ಆದ್ರೆ ನಿಂದನ್ನ ತಟ್ಟೆ ತುಂಬ ತಿಂತಿದ್ದೆ. ಆ ಕ್ರೇಟ್ ಮೇಲೆ ಎದುರಿಗೆ ಕೂತ್ಕೊಂಡು ನೀನು ಏನೇನೋ ಹರಟ್ತಿದ್ದೆ, ನಾನು ತಿಂತಿದ್ದೆ. ಈಗ ಒಂಬತ್ತು ದಿನ ಆಯ್ತು, ತುತ್ತು ಗಂಟಲಲ್ಲಿ ಇಳೀತಿಲ್ಲ. ರುಚಿ ಅಲ್ಲ ಅದು, ನಂಗೆ ರುಚಿ ಇಲ್ವಲ್ಲ! ಮತ್ತೇನದು? ದಾರಿ ಉದ್ದಕ್ಕೂ ಯೋಚ್ನೆ ಮಾಡ್ದೆ. ನೀನೇ, ಇನ್ನೇನೂ ಅಲ್ಲ."

ಬಾಣಲೆಯಲ್ಲಿ ಮೀನು ಸೀಯತೊಡಗಿತು. ಅವನು ನೋಡಲೇ ಇಲ್ಲ.

"ಎದೆ ಇನ್ನೂ ಮರಗಟ್ಟೇ ಇದೆ, ಎಲ್ರಿಕೊ. ಮೂಗು ವಾಪಸ್ ಬರತ್ತೋ ಇಲ್ವೋ ಡಾಕ್ಟ್ರಿಗೂ ಗೊತ್ತಿಲ್ಲ. ಪ್ರೀತಿ ಅಂತ ದೊಡ್ಡ ಮಾತು ಹೇಳೋಕೆ ನಂಗೆ ಬರಲ್ಲ. ನನ್ನ ಹತ್ರ ಇರೋದು ಇಷ್ಟೇ."

ಅವನು ಮುಂಗೈಯಿಂದ ಕಣ್ಣು ಒರೆಸಿಕೊಂಡ. ಹಿಟ್ಟು ಕೆನ್ನೆಗೆ ಮೆತ್ತಿತು.

"ಇಷ್ಟು ಸಾಕು ಕಣೇ," ಎಂದ. "ನಂಗೆ ಬೇಕಾದಷ್ಟಾಯ್ತು."

ಒಳಗಿನಿಂದ ಒಂದು ಸ್ಟೂಲು ತಂದು ಅವಳನ್ನು ಕೂರಿಸಿದ. ಸೀಯದ ಎರಡು ಮೀನು ಆರಿಸಿ, ಬ್ರೆಡ್ಡಿನ ಜೊತೆ ತಟ್ಟೆಗೆ ಹಾಕಿ ಕೊಟ್ಟು, ಎದುರಿಗೇ ನೆಲದ ಮೇಲೆ ಕೂತ. ಅವಳು ಮುಳ್ಳು ಬಿಡಿಸಿ ಬಾಯಿಗಿಟ್ಟಳು. ಅಗಿದಳು. ಇಳಿಯಿತು... ಇನ್ನೊಂದು ತುತ್ತು. ಅದೂ ಇಳಿಯಿತು.

"ರುಚಿ ಹೇಗಿದೆ ಅಂತ ಕೇಳಲ್ಲ, ಹೆದರ್ಬೇಡ," ಎಂದ ಅವನು ಮೆಲ್ಲಗೆ.

"ಕೇಳು."

"...ಹೇಗಿದೆ?"

"ಒಂಚೂರೂ ಗೊತ್ತಾಗ್ತಿಲ್ಲ," ಎಂದು ಡೆಲ್ಮರಿ ಖಾಲಿ ತಟ್ಟೆಯನ್ನು ಅವನ ಮುಂದೆ ಹಿಡಿದಳು. "ಇನ್ನೊಂದು ಹಾಕು."