ಹದಿನೇಳನೇ ತಾರೀಖಿನ ಡಬ್ಬಿ

"ಆ ಡಬ್ಬಿ ಮಾತ್ರ ತೆಗೀಬೇಡಿ!"

ಬೆನ್ನ ಹಿಂದಿನಿಂದ ದನಿ ಬಂದದ್ದೇ ತಡ, ಅವಳ ಕೈಯಲ್ಲಿದ್ದ ಕಾರ್ಡುಗಳೆಲ್ಲ ಜಾರಿ ನೆಲದ ತುಂಬಾ ಹರಡಿದವು.

ತಿರುಗಿ ನೋಡಿದಳು. ಕಬ್ಬಿಣದ ಕಪಾಟುಗಳ ನಡುವೆ ಒಬ್ಬ ಯುವಕ ನಿಂತಿದ್ದ. ಬಿಸಿಲು ಕಾಣದೆ ಬಿಳಿಚಿಕೊಂಡ ಮುಖ, ಮೊಣಕೈವರೆಗೆ ಮಡಚಿದ ತೋಳು, ಎವೆ ಮಿಟುಕಿಸದ ಕಣ್ಣು. ಆ ಕೋಣೆಗೆ ಅವಳಿಗೆ ಗೊತ್ತಿದ್ದ ಒಂದೇ ಬಾಗಿಲು ಅವಳ ಎದುರಿಗೇ ಇತ್ತು. ಬೆಳಗಿನಿಂದ ಅಲ್ಲಿಂದ ಒಂದು ನೊಣವೂ ಒಳಗೆ ಬಂದಿರಲಿಲ್ಲ. ಹಾಗಾದರೆ ಈ ಮನುಷ್ಯ ಬಂದದ್ದು ಎಲ್ಲಿಂದ?

"ಯಾ... ಯಾವ ಡಬ್ಬಿ?"

"ಕೊನೇ ಸಾಲಿನದು. ಡಿಸೆಂಬರ್ ಹದಿನೇಳು." ಅವನು ಬಗ್ಗಿ ಕಾರ್ಡುಗಳನ್ನು ಆರಿಸತೊಡಗಿದ. "ಅದರ ದಿನ ಬಂದಾಗ ತೆಗೀಲೇಬೇಕು, ಗೊತ್ತು. ಆದ್ರೆ ತೆಗೆಯೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಿ."

"ಯಾಕೆ? ಅದರಲ್ಲೇನಿದೆ?"

"ಆಗ ಹೇಳ್ತೀನಿ."

"ಅಲ್ಲಾ, ನೀವು ಯಾರು ಅಂತಾದ್ರೂ..."

"ಬೈಂಡರ್. ಹಳೇ ಪೇಪರುಗಳಿಗೆ ರಟ್ಟು ಹಾಕ್ತೀನಿ. ಹಿಂದಿನ ಶೆಡ್ಡಲ್ಲಿ."

ಕಾರ್ಡುಗಳನ್ನು ಮೇಜಿನ ಮೇಲಿಟ್ಟು ಕೊನೆಯ ಕಪಾಟಿನ ಹಿಂದೆ ಹೋದ. ಅವಳು ಎರಡು ನಿಮಿಷ ಬಿಟ್ಟು ಅಲ್ಲಿ ಇಣುಕಿದರೆ, ಛಾವಣಿ ಮುಟ್ಟುವ ಹಾಗೆ ಪೇರಿಸಿದ ಹಳೆಯ ಸಂಪುಟಗಳ ರಾಶಿ. ಅಷ್ಟೇ. ಮನುಷ್ಯ ಮಾತ್ರ ಇಲ್ಲ!

ಅದು ಅವಳ ಕೆಲಸದ ಮೊದಲನೇ ದಿನ. ಪತ್ರಿಕೆಯ ನಾಲ್ಕನೇ ಪುಟದ ಮೂಲೆಯಲ್ಲಿ 'ಈ ದಿನ' ಅಂತ ಒಂದು ಅಂಕಣ ಬರುತ್ತದೆ. ಹಿಂದೆ ಇದೇ ತಾರೀಖಿನಂದು ಏನೇನಾಯಿತು ಎಂಬ ಪಟ್ಟಿ. ಎಲ್ಲೋ ಯುದ್ಧ ಮುಗಿದಿರುತ್ತದೆ, ಇನ್ನೆಲ್ಲೋ ಒಬ್ಬ ರಾಜ ಪಟ್ಟಕ್ಕೇರಿರುತ್ತಾನೆ, ಊರಿನ ಸೇತುವೆಗೆ ಅಡಿಗಲ್ಲು ಬಿದ್ದಿರುತ್ತದೆ. ಜತೆಗೆ ಆ ದಿನದ ಆಚರಣೆ. ಗುಬ್ಬಚ್ಚಿಗೊಂದು ದಿನ, ಕೈ ತೊಳೆಯುವುದಕ್ಕೊಂದು ದಿನ. ಅದಕ್ಕಾಗಿ ಗೋಡೆ ತುಂಬಾ ಮುನ್ನೂರ ಅರವತ್ತಾರು ತಗಡಿನ ಡಬ್ಬಿಗಳು, ಒಂದೊಂದು ತಾರೀಖಿಗೆ ಒಂದೊಂದು. ಒಳಗೆ ಸುದ್ದಿಯ ತುಣುಕು ಅಂಟಿಸಿದ ಕಾರ್ಡುಗಳು. ದಿನಾ ಮಧ್ಯಾಹ್ನ ನಾಳೆಯ ಡಬ್ಬಿ ತೆಗೆದು, ಐದು ಘಟನೆ ಆರಿಸಿ, ನಾಲ್ಕು ಗಂಟೆಯೊಳಗೆ ಪುಟಕ್ಕೆ ಕೊಡಬೇಕು. ನಿಯಮ ಒಂದೇ. ಒಳಗೆ ಬಿದ್ದ ಕಾರ್ಡನ್ನು ಯಾವ ಕಾರಣಕ್ಕೂ ಎಸೆಯುವಂತಿಲ್ಲ.

ಆಫೀಸಿನವರು ವಾರದೊಳಗೆ ಅವಳಿಗೆ ಕ್ಯಾಲೆಂಡರ್ ಅಂತ ಅಡ್ಡಹೆಸರಿಟ್ಟರು.

ಸಂಜೆ ಹೊರಡುವಾಗ ಕಾವಲುಗಾರನನ್ನು ಕೇಳಿದಳು. "ಆ ಬೈಂಡರು ಯಾವಾಗ ಬಂದ್ರು?"

"ಯಾವ ಬೈಂಡರ್ರು ಮೇಡಂ? ನಾನು ಸೇರಿದಾಗಿಂದ ಆ ಶೆಡ್ಡಿಗೆ ಬೀಗ. ಅಲ್ಲಿ ಯಾರೂ ಇಲ್ಲ."

ಮೈ ಜುಮ್ಮೆಂದಿತು. ಆದರೆ ಆ ಪುಣ್ಯಾತ್ಮ ಮಟಮಟ ಮಧ್ಯಾಹ್ನವೇ ಕುರ್ಚಿಯಲ್ಲಿ ಗೊರಕೆ ಹೊಡೆಯುವುದನ್ನು ಅವಳೇ ಕಂಡಿದ್ದಳು. ಅವನ ಮಾತು ಕಟ್ಟಿಕೊಂಡು ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಅವನು ಮತ್ತೆ ಬಂದ. ವಾರಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ದಿನಾ. ಹೆಜ್ಜೆ ಸಪ್ಪಳವೇ ಇಲ್ಲ. ತಲೆ ಎತ್ತಿದರೆ ಇದ್ದಾನೆ!

"ಕೆಮ್ಮಿಕೊಂಡಾದ್ರೂ ಬನ್ನಿ ಮಾರಾಯ್ರೇ! ಜೀವ ಬಾಯಿಗೆ ಬರುತ್ತೆ."

"ಅಭ್ಯಾಸ ಇಲ್ಲ. ನಾನು ಬಂದ್ರೆ ಯಾರಿಗೂ ಗೊತ್ತಾಗಬಾರದು, ಅಷ್ಟೇ ಅಭ್ಯಾಸ."

"ಇವತ್ತು ಏನು ದಿನ, ಹೇಳಿ ನೋಡೋಣ?"

"ನೀವೇ ಹೇಳಿ, ಕ್ಯಾಲೆಂಡರ್ ಮೇಡಂ."

"ವಿಶ್ವ ಮುಗುಳ್ನಗೆ ದಿನ. ನೀವು ಮುಖ ಗಂಟು ಹಾಕ್ಕೊಂಡು ಕೂತಿದ್ದೀರಿ!"

ಅವನು ನಕ್ಕ. ನಗುವುದು ಹೇಗೆ ಅಂತ ನೆನಪಿಸಿಕೊಂಡು ನಕ್ಕ ಹಾಗಿತ್ತು ಅದು. ಅವಳ ಎದೆಯಲ್ಲಿ ಏನೋ ಸಣ್ಣಗೆ ಅಲುಗಿತು. *ಅಯ್ಯೋ... ಇದೇನಾಗ್ತಿದೆ ನನಗೆ?*

ಒಂದು ದಿನ ಇಬ್ಬರೂ ಮಾತಾಡುತ್ತ ಕೂತಿದ್ದಾಗ ಉಪಸಂಪಾದಕರು ಒಳಗೆ ಬಂದರು. ನಿವೃತ್ತಿಯ ಅಂಚಿನಲ್ಲಿದ್ದ, ಎಲ್ಲರನ್ನೂ ಮಗಳೇ, ಮಗನೇ ಅಂತ ಮಾತಾಡಿಸುವ ಹಿರಿಯರು. "ಮಗಳೇ, ನಾಳೆ ಅಂಕಣ ಎರಡು ಸಾಲು ಕಮ್ಮಿ ಮಾಡು, ಜಾಹೀರಾತಿದೆ" ಅಂದರು. ಅವನು ಅವರಿಂದ ಮೊಳ ದೂರದಲ್ಲಿದ್ದ. ಅವರ ಕಣ್ಣು ಅವಳನ್ನು ನೋಡಿತು, ಗೋಡೆಯನ್ನು ನೋಡಿತು. ಅವನಿದ್ದ ಜಾಗವನ್ನು ಗಾಳಿಯೆಂಬಂತೆ ದಾಟಿ ಹೋಯಿತು.

ಅವರು ಹೋದ ಮೇಲೆ ಅವಳು ಅವನ ಕಡೆ ತಿರುಗಿದಳು.

"ಅವರು... ನಿಮ್ಮನ್ನ ನೋಡಲೇ ಇಲ್ಲ!"

"ಇಲ್ಲಿ ಯಾರೂ ನೋಡಲ್ಲ. ನೀವೊಬ್ಬರೇ."

ಅವಳು ಮನೆಗೆ ಹೋಗಿ ಚಿಕ್ಕಮ್ಮನ ಎದುರು ಎಲ್ಲವನ್ನೂ ಹೇಳಿಕೊಂಡಳು. ಬಟ್ಟೆ ಮಡಚುತ್ತಿದ್ದ ಚಿಕ್ಕಮ್ಮ, "ದೆವ್ವವೇ ಆದ್ರೂ ಒಳ್ಳೇ ಕೆಲಸದಲ್ಲಿದೆಯಲ್ಲೇ! ಅತ್ತೆ ಕಾಟವೂ ಇಲ್ಲ. ಒಪ್ಕೊಂಡುಬಿಡು" ಅಂದಳು. ಇಬ್ಬರೂ ನಕ್ಕರು. ಚಿಕ್ಕಮ್ಮನ ನಗು ಬೇಗ ನಿಂತಿತು. "ಆದ್ರೂ ಒಂದು ಸಲ ಮುಟ್ಟಿ ನೋಡೇ" ಅಂತ ಮೆಲ್ಲಗೆ ಸೇರಿಸಿದಳು.

ಮುಟ್ಟುವುದೇ? ಎಷ್ಟೋ ಸಲ ಕೈ ಚಾಚಬೇಕೆನಿಸಿತ್ತು. ಬೆರಳು ಅವನನ್ನು ತೂರಿಕೊಂಡು ಹೋಗಿಬಿಟ್ಟರೆ? ಆ ಭಯಕ್ಕೇ ಅವಳು ಕೈ ಹಿಂದೆಗೆಯುತ್ತಿದ್ದಳು.

ಡಿಸೆಂಬರ್ ಹದಿನಾರು ಬಂತು.

ನಾಳೆಯ ಡಬ್ಬಿ ಅದೇ. ಅವನನ್ನು ಕೇಳಿಯೇ ತೆಗೆಯಬೇಕೆಂದು ಕಾದಳು. ಒಂದಾಯಿತು, ಎರಡಾಯಿತು, ಮೂರೂ ಆಯಿತು. ಅವನ ಸುಳಿವಿಲ್ಲ. ಮೇಲಿನಿಂದ ಪುಟದವರ ಫೋನು ಬೇರೆ. ಇನ್ನು ತಡೆಯುವಂತಿರಲಿಲ್ಲ. ಡಬ್ಬಿಯ ಮುಚ್ಚಳ ಎತ್ತಿದಳು.

ಮೂರನೇ ಕಾರ್ಡು. ಒಂಬತ್ತು ವರ್ಷ ಹಳೆಯ ಸುದ್ದಿ. 'ಹೊಳೆಯಲ್ಲಿ ದೋಣಿ ಮಗುಚಿ ಏಳು ಜನರ ಸಾವು.' ಕೆಳಗೆ ಒಂದು ಭಾವಚಿತ್ರ. 'ಮೃತರಲ್ಲಿ ನಮ್ಮ ಪತ್ರಿಕೆಯ ಬೈಂಡರ್...'

ಅದೇ ಮುಖ. ಅದೇ ಕಣ್ಣು. ಒಂಬತ್ತು ವರ್ಷದಲ್ಲಿ ಒಂದು ಕೂದಲೂ ಬದಲಾಗದ ಮುಖ!

ಹಿಂದೆ ಯಾರೋ ಕೆಮ್ಮಿದರು.

ತಿರುಗಿದರೆ... ಅವನು. ಮೊದಲ ಸಲ ಅವಳ ಮಾತಿನಂತೆ ಕೆಮ್ಮಿಕೊಂಡು ಬಂದಿದ್ದ.

"ಬರಬೇಡ! ಹತ್ತಿರ ಬರಬೇಡ!" ಅವಳ ಕಿರುಚಾಟ ತಗಡಿನ ಡಬ್ಬಿಗಳ ಮೇಲೆಲ್ಲ ಗಣಗಣಿಸಿತು.

ಅವನು ಅಲ್ಲೇ ನಿಂತ. ಅವಳ ಕೈಯಲ್ಲಿದ್ದ ಕಾರ್ಡನ್ನು ನೋಡಿದ, ಆಮೇಲೆ ಅವಳ ಮುಖವನ್ನು. ಅವನ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು.

"ಹೇಳೋಣ ಅಂತಲೇ ಬಂದೆ" ಎಂದ. "ತಡವಾಯ್ತು."

ಕಪಾಟಿನ ಹಿಂದೆ ಸರಿದ, ಮಾಯವಾದ.

ಅವಳು ಐದು ಘಟನೆ ಬರೆದುಕೊಟ್ಟಳು. ಅದರಲ್ಲೊಂದು ದೋಣಿಯದು. ಏಳು ಸಾವು. ಬಹುಶಃ ಅಚ್ಚಾದ ಮೇಲಾದರೂ ಮನಸ್ಸು ನಂಬೀತು ಎಂದಿರಬೇಕು.

ಹದಿನೇಳರಂದು ಅವನು ಬರಲಿಲ್ಲ. ಬಂದರೆ ಏನು ಗತಿ ಅಂತ ಬೆಳಿಗ್ಗೆ ಹೆದರಿದಳು. ಮಧ್ಯಾಹ್ನದ ಹೊತ್ತಿಗೆ ಆ ಹೆದರಿಕೆ ಎಲ್ಲಿ ಹೋಯಿತೋ! ಕುರ್ಚಿಯನ್ನೇ ಕೊನೆಯ ಕಪಾಟಿನ ಕಡೆ ತಿರುಗಿಸಿಕೊಂಡು ಕೂತಿದ್ದಳು, ಕಣ್ಣಲ್ಲಿ ನೀರು ತುಂಬಿಕೊಂಡು.

*ದೆವ್ವವಾದರೂ ಸರಿ... ಒಂದು ಸಲ ಬಾ.*

ಹದಿನೆಂಟರ ಬೆಳಿಗ್ಗೆ, ನಿದ್ದೆಗೆಟ್ಟ ಕಣ್ಣಲ್ಲೇ ಬೇಗ ಬಂದು ನಾಳೆಯ, ಅಂದರೆ ಹತ್ತೊಂಬತ್ತರ ಡಬ್ಬಿ ತೆಗೆದಳು. ತಳದಲ್ಲಿ ಮೂರು ಸಾಲಿನ ಸಣ್ಣ ತುಣುಕು.

'ತಿದ್ದುಪಡಿ: ದೋಣಿ ದುರಂತದಲ್ಲಿ ಮೃತಪಟ್ಟವರು ಆರು ಜನ. ನಮ್ಮ ಬೈಂಡರ್ ಬದುಕಿದ್ದಾರೆ. ತಪ್ಪಿಗೆ ವಿಷಾದಿಸುತ್ತೇವೆ.'

ಓದಿದಳು. ಮತ್ತೆ ಓದಿದಳು. ತಪ್ಪು ಒಂದು ಡಬ್ಬಿಯಲ್ಲಿ, ತಿದ್ದುಪಡಿ ಅದು ಅಚ್ಚಾದ ತಾರೀಖಿನ ಬೇರೆ ಡಬ್ಬಿಯಲ್ಲಿ! ಒಂಬತ್ತು ವರ್ಷದಿಂದ ಅವೆರಡೂ ಒಂದನ್ನೊಂದು ನೋಡಿಯೇ ಇರಲಿಲ್ಲ.

ಕಾರ್ಡು ಹಿಡಿದು ಮೆಟ್ಟಿಲು ಹತ್ತಿ ಉಪಸಂಪಾದಕರ ಮೇಜಿನ ಮುಂದೆ ನಿಂತಳು.

"ಸಾರ್, ಅವರು ಬದುಕಿದ್ದಾರಾ? ನೀವು ಅವತ್ತು ಅವರನ್ನ ನೋಡಿದ್ರಾ, ಇಲ್ವಾ? ನಿಜ ಹೇಳಿ!"

ಅವರು ಕನ್ನಡಕ ತೆಗೆದರು. ಬಹಳ ಹೊತ್ತು ಒರೆಸಿದರು.

"ನೋಡಿದೆ ಮಗಳೇ. ನೋಡೋಕೆ ಮುಖ ಇಲ್ಲದೆ ನೋಡದವನ ಹಾಗೆ ಹೋದೆ. ಆ ಸುದ್ದಿ ಬರೆದವನು ನಾನು. ಟಿಕೆಟ್ ಪಟ್ಟಿಯಲ್ಲಿ ಅವನ ಹೆಸರಿತ್ತು. ನಮ್ಮವನೇ ಅಂತ ಆಫೀಸಲ್ಲಿದ್ದ ಫೋಟೋ ಬೇರೆ ಹಾಕಿದೆ. ಅವನು ಅಮ್ಮನಿಗೆ ಔಷಧಿ ತರೋಕೆ ಆಚೆ ದಡಕ್ಕೆ ಹೋಗಿದ್ದ. ಟಿಕೆಟ್ ತಗೊಂಡ ಮೇಲೆ ಔಷಧಿ ಮರೆತದ್ದು ನೆನಪಾಗಿ ಅಂಗಡಿಗೆ ಓಡಿದ್ದ. ಆ ದಿನದ ಕೊನೇ ದೋಣಿ ತಪ್ಪಿತು. ಮಾರನೇ ದಿನ, ಹದಿನೆಂಟರ ಬೆಳಿಗ್ಗೆ ಮನೆಗೆ ಬರೋದರೊಳಗೆ ನಮ್ಮ ಪೇಪರು ಬಂದಿತ್ತು. ಅವತ್ತೇ ಅವನ ಅಮ್ಮ..."

ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟರು.

"ಆಮೇಲೆ ನಾವ್ಯಾರೂ ಅವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ. ಅವನೂ ಶೆಡ್ಡಿನ ಮುಂದಿನ ಬಾಗಿಲಿಗೆ ಬೀಗ ಹಾಕಿಸಿ, ಹಿಂದಿನ ಗಲ್ಲಿಯಿಂದ ಬರೋಕೆ ಶುರು ಮಾಡಿದ. ಆ ಸಂಪುಟಗಳ ರಾಶಿಯ ಹಿಂದೆ ಶೆಡ್ಡಿಗೆ ಒಂದು ಬಾಗಿಲಿದೆ, ಒಬ್ಬ ಅಡ್ಡಡ್ಡ ನುಸುಳಬಹುದು. ನಿನಗಿಂತ ಮೊದಲಿದ್ದವರು ವರ್ಷಾ ವರ್ಷಾ ಆ ಕಾರ್ಡನ್ನ ಬಿಟ್ಟೇ ಅಂಕಣ ಮಾಡ್ತಿದ್ರು. ನಿನಗೆ ಹೇಳೋ ಕೆಲಸ ನನ್ನದಾಗಿತ್ತು. ಹೇಳಲಿಲ್ಲ."

"ನಾನು... ನಾನು ನಿನ್ನೆ ಮತ್ತೆ ಅವರನ್ನ ಸಾಯಿಸಿದೆ, ಅಲ್ವಾ ಸಾರ್?"

ಅವರು ಒಂದು ಚೀಟಿ ಮುಂದೆ ತಳ್ಳಿದರು. ಕೆಲಸ ಬಿಡುತ್ತಿದ್ದೇನೆ ಅಂತ ಒಂದೇ ಸಾಲು. "ಬೆಳಿಗ್ಗೆ ನನ್ನ ಮೇಜಿನ ಮೇಲಿಟ್ಟು ಹೋದ. ಹನ್ನೊಂದರ ದೋಣಿಗೆ ಆಚೆ ದಡಕ್ಕೆ ಹೋಗ್ತಾನಂತೆ. ಇನ್ನು ಈ ಕಡೆ ಬರಲ್ಲ."

ಗಡಿಯಾರದಲ್ಲಿ ಹತ್ತೂ ನಲವತ್ತು!

ಅವಳು ಓಡಿದಳು. ಏದುಸಿರು ಬಿಡುತ್ತ ದೋಣಿಕಟ್ಟೆ ಮುಟ್ಟಿದಾಗ ದಡದ ಮೇಲೆ ದಟ್ಟ ಮಂಜು. ಹೊಳೆ ಕಾಣುತ್ತಿರಲಿಲ್ಲ, ನೀರಿನ ಸದ್ದು ಮಾತ್ರ. ಮಂಜಿನೊಳಗೆ ಹೋದವರೆಲ್ಲ ಕಾಲಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವಾಗಿ ಅಳಿಸಿಹೋಗುತ್ತಿದ್ದರು. ಕೊನೆಯ ಕಲ್ಲುಬೆಂಚಿನ ಮೇಲೆ, ಪಕ್ಕದಲ್ಲೊಂದು ಚೀಲ ಇಟ್ಟುಕೊಂಡು ಅವನು ಕೂತಿದ್ದ.

"ಹೋಗ್ಬೇಡಿ!"

ಅವನು ತಲೆ ಎತ್ತಲಿಲ್ಲ. "ಇವತ್ತು ಏನು ದಿನ ಗೊತ್ತಾ?"

"ಗೊತ್ತು. ಅಮ್ಮ ಹೋದ ದಿನ. ಸಾರ್ ಹೇಳಿದ್ರು."

"ಹೇಗೆ ಹೋದ್ರು ಅಂತ ಹೇಳಿರಲ್ಲ, ಅವರಿಗೂ ಗೊತ್ತಿಲ್ಲ." ಅವನ ದನಿ ತೀರಾ ಮೆಲ್ಲಗಿತ್ತು. "ಪೇಪರ್ ಓದಿ ಹೋಗಲಿಲ್ಲ ಅಮ್ಮ. ಓದಿ ಅಳ್ತಾ ಕೂತಿದ್ರು. ಅಷ್ಟರಲ್ಲಿ ನಾನು ಬಾಗಿಲಲ್ಲಿ ನಿಂತು ಅಮ್ಮಾ ಅಂದೆ. ತಿರುಗಿದ್ರು. 'ಬರಬೇಡ' ಅಂತ ಕಿರುಚಿದ್ರು... ಅಲ್ಲೇ ಕುಸಿದ್ರು. ಹೆತ್ತ ಮಗನನ್ನ ನೋಡಿ ಹೆದರಿ ಸತ್ತರು. ನಿಮ್ಮ ಮುಖದಲ್ಲಿ ಮೊನ್ನೆ ನಾನು ಅದನ್ನೇ ನೋಡಿದೆ."

ತಾನು ಕಿರುಚಿದ್ದೂ ಅದೇ ಮಾತು!

"ಮೂರು ತಿಂಗಳು ನೀವು ನನ್ನನ್ನ ಬದುಕಿರೋನ ಥರ ಬೈದ್ರಿ, ನಕ್ಕರಿ. ಅದು ತಪ್ಪಿಹೋಗುತ್ತೆ ಅಂತ, ನಿಜ ಹೇಳೋದನ್ನ ದಿನಾ ಮುಂದಕ್ಕೆ ಹಾಕಿದೆ. ಈಗ ಸಾಕು. ನನಗೇ ಕೆಲವು ಬೆಳಿಗ್ಗೆ ಅನುಮಾನ ಬರುತ್ತೆ. ಅವತ್ತು ಆ ದೋಣಿ ನಿಜವಾಗ್ಲೂ ತಪ್ಪಿಸ್ಕೊಂಡೆನಾ ಅಂತ."

"ನಾನು ಹೆದರಿದ್ದು ನಿಜ" ಎಂದಳು ಅವಳು. "ಸುಳ್ಳು ಹೇಳಲ್ಲ. ಸತ್ತವರು ಅಂತಲೇ ನಂಬಿದ್ದೆ. ಆದ್ರೆ ನಿನ್ನೆ ಇಡೀ ದಿನ ಏನು ಮಾಡಿದೆ ಗೊತ್ತಾ? ಆ ಕಪಾಟಿನ ಕಡೆಗೇ ಮುಖ ಮಾಡಿ ಕೂತಿದ್ದೆ! ಸತ್ತಿದ್ರೂ ಪರವಾಗಿಲ್ಲ, ಬರಲಿ ಅಂತ. ಅಷ್ಟು... ಅಷ್ಟು ಇಷ್ಟ ನೀವು ನನಗೆ. ತಿದ್ದುಪಡಿ ಓದಿದ್ದು ಇವತ್ತು. ಅದಕ್ಕೆ ಮೊದಲೇ ನಾನು ಕಾದಿದ್ದೆ."

ಅವನು ಈಗ ನೋಡಿದ. ಎವೆ ಮಿಟುಕಿಸದೆ, ಮೊದಲ ದಿನದ ಹಾಗೆ.

ಮಂಜಿನೊಳಗಿಂದ ಗಂಟೆ ಕೇಳಿಸಿತು. "ಹನ್ನೊಂದರ ದೋಣಿ! ಹತ್ತೋರು ಹತ್ತಿ!"

"ಟಿಕೆಟ್ ತಗೊಂಡಾಗಿದೆ" ಎಂದ ಅವನು. "ಪಟ್ಟಿಯಲ್ಲಿ ಹೆಸರು ಬರೆಸಿದ್ದೀನಿ."

ಪಟ್ಟಿ! ಅವತ್ತು ಅವನನ್ನು ಸತ್ತವನನ್ನಾಗಿ ಮಾಡಿದ್ದೂ ಇಂಥದೇ ಪಟ್ಟಿ. ಅವಳು ನೇರ ಟಿಕೆಟ್ ಕಿಟಕಿಗೆ ಹೋಗಿ ಬಡಿದಳು.

"ಅಣ್ಣಾ, ಆ ಪಟ್ಟಿ ತೆಗೀರಿ. ಇವರು ಹತ್ತಲ್ಲ. ಹೆಸರು ಹೊಡೆದುಹಾಕಿ!"

"ಒಬ್ಬರು ಹತ್ತದಿದ್ರೆ ಏನಾಗುತ್ತಮ್ಮ? ದೋಣಿ ಬಿಡ್ತಾ ಇದ್ದಾರೆ. ಇರಲಿ ಬಿಡಿ."

"ಇರಬಾರದು! ಈಗಲೇ ಹೊಡೆದುಹಾಕಿ. ನಾನು ನೋಡ್ಬೇಕು!"

ಜನ ತಿರುಗಿ ನೋಡಿದರು. ಟಿಕೆಟ್ಟಿನವನು ಗೊಣಗುತ್ತ ಪೆನ್ನು ತೆಗೆದು ಒಂದು ಗೆರೆ ಎಳೆದ. ಅವಳು ಸಾಲದು ಅಂದಳು. ಇನ್ನೊಂದು ಎಳೆದ. ಅಕ್ಷರ ಒಂದೂ ಕಾಣದಂತೆ ಮಸಿ ಬಳಿದ ಮೇಲೆಯೇ ಅವಳು ಕಿಟಕಿ ಬಿಟ್ಟು ಸರಿದದ್ದು.

ತಿರುಗಿದಾಗ ಅವನು ಹಿಂದೆಯೇ ನಿಂತಿದ್ದ. ಚೀಲ ಬೆಂಚಿನ ಮೇಲೆಯೇ ಉಳಿದಿತ್ತು. ಒಂಬತ್ತು ವರ್ಷ ಅಳದವನ ಹಾಗೆ, ಮುಖ ಮುಚ್ಚಿಕೊಳ್ಳುವುದೂ ಗೊತ್ತಿಲ್ಲದೆ ಅಳುತ್ತಿದ್ದ. ದೋಣಿ ಮಂಜಿನೊಳಗೆ ಹೋಗಿ ಅದರ ಸದ್ದೂ ಕರಗಿತು.

ಅವಳು ಕೈ ಚಾಚಿದಳು. ಬೆರಳು ತೂರಿಹೋಗಲಿಲ್ಲ. ಗಟ್ಟಿಯಾದ, ಒರಟಾದ, ಬೆಚ್ಚಗಿನ ಅಂಗೈ.

"ನಂಬಿಕೆ ಬಂತಾ?" ಅವನು ಕೇಳಿದ. "ಬದುಕಿದ್ದೀನಾ ನಾನು?"

"ತಡೀರಿ" ಎಂದಳು, ಹಿಡಿತ ಬಿಗಿ ಮಾಡುತ್ತ. "ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡಿರ್ತೀನಿ. ಆಮೇಲೆ ಹೇಳ್ತೀನಿ."